ಬೆಚ್ಚಗಿದ್ದ ಮಾಣಿಕ್ಯ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಮನುಷ್ಯನಲ್ಲ. ಹಳೆಯ ಒಡವೆಗಳ ಕಲ್ಲು ನೋಡಿ ಅಸಲಿಯೋ ನಕಲಿಯೋ ಹೇಳುವುದು ಸವಣೂರಿನಲ್ಲಿ ನಮ್ಮ ಮನೆತನದ ಕಸುಬು. ಮುತ್ತು ಅಳುತ್ತದೆ, ನೀಲ ಮನೆ ಹಾಳು ಮಾಡುತ್ತದೆ ಎಂದು ಹೇಳಿಕೊಂಡು ಬಂದವರನ್ನು ಅವರೆದುರಿಗೇ ನಕ್ಕು ಕಳಿಸಿದ್ದೇನೆ. ಕಲ್ಲಿಗೇನು ಗೊತ್ತಾಗುತ್ತದೆ, ಮಣ್ಣು ಎನ್ನುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಸರವಿಲ್ಲ.

ಕಲ್ಲು ನೋಡುವುದನ್ನು ನನಗೆ ಕಲಿಸಿದವರು ನಮ್ಮ ತಂದೆ, ಅಬ್ಬಾ. ಅಸಲಿ ಕಲ್ಲನ್ನು ಕೆಳತುಟಿಗೆ ಮುಟ್ಟಿಸಿದರೆ ತಂಪು ಹತ್ತುತ್ತದೆ, ಆ ತಂಪು ಬೇಗ ಹೋಗುವುದಿಲ್ಲ. ಗಾಜು ಕ್ಷಣದಲ್ಲೇ ತುಟಿಯಷ್ಟೇ ಬೆಚ್ಚಗಾಗಿಬಿಡುತ್ತದೆ. ಯಂತ್ರಗಳೆಲ್ಲ ಬಂದ ಮೇಲೂ ನಾನು ನಂಬಿದ್ದು ನನ್ನ ತುಟಿಯನ್ನೇ. ಹಾನಗಲ್ಲ, ಹಿರೇಕೆರೂರು ಕಡೆಯಿಂದ ಬಂದವರೂ ಮರುಮಾತಾಡದೆ ನಾನು ಹೇಳಿದ್ದನ್ನು ಕೇಳಿ ಹೋಗುತ್ತಿದ್ದರು. ಅದರ ಸೊಕ್ಕೂ ಇತ್ತು ಅನ್ನಿ.

ಕೆಲವು ವರ್ಷಗಳ ಹಿಂದಿನ ಮಾತು. ಜಿಟಿಜಿಟಿ ಮಳೆ ಹಿಡಿದು ನಟ್ಟ ಮಧ್ಯಾಹ್ನವೇ ಥಂಡಿ ಹತ್ತಿತ್ತು, ನಾನು ಸ್ವೆಟರ್ ಹಾಕಿಕೊಂಡು ಕುಳಿತಿದ್ದೆ. ತಿಳವಳ್ಳಿಯ ನೀಲವ್ವ ಎಂಬವರು ಹಾನಗಲ್ಲಿನಿಂದ ಎರಡು ಬಸ್ಸು ಬದಲಿಸಿ ಬಂದರು. ಚೀಲದಿಂದ ಸಣ್ಣ ಸ್ಟೀಲ್ ಡಬ್ಬಿ ತೆಗೆದು, ಅದರೊಳಗಿನ ಉಂಗುರವನ್ನು ನನ್ನ ಮುಂದಿಟ್ಟರು. ಹಳೆಯ ಕೆಲಸ, ದೊಡ್ಡದೊಂದು ಕೆಂಪು ಕಲ್ಲು.

“ಮಗಳು ಹದಿನೈದು ದಿನದಿಂದ ಹಾನಗಲ್ಲ ದವಾಖಾನ್ಯಾಗ ಅದಾಳ್ರಿ. ಜ್ವರ ಇಳಿವಲ್ದು. ಹುಬ್ಬಳ್ಳಿಗೆ ಒಯ್ರಿ ಅಂದಾರ. ಮುಂಜಾನೆ ಅಕಿ ಬೆರಳಿಂದನ ತೆಗದು ತಂದೇನ್ರಿ. ಇದು ಖರೇ ಮಾಣಿಕ ಆದ್ರ ಮಾರಿ ಇವತ್ತ ಒಯ್ತೇನಿ.”

ಉಂಗುರ ಎತ್ತಿಕೊಂಡಾಗ ಬಂಗಾರ ನನ್ನ ಬೆರಳಿಗೆ ತಣ್ಣಗೆ ಹತ್ತಿತು. ತುಟಿಗೆ ಮುಟ್ಟಿಸಿದೆ. ಕಲ್ಲು ಬೆಚ್ಚಗಿತ್ತು. ಒರೆಸಿ, ಮೇಜಿನ ಮೇಲಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಟ್ಟಿಸಿದೆ. ಆಗಲೂ ಬೆಚ್ಚಗೇ ಇತ್ತು.

ತಂಪಿಲ್ಲದ್ದು ಕಲ್ಲಲ್ಲ. ನನ್ನ ತಲೆಯಲ್ಲಿದ್ದದ್ದು ಅಷ್ಟೇ. ಆ ಥಂಡಿಯಲ್ಲಿ ಗಾಜೂ ತಾನಾಗಿ ಬೆಚ್ಚಗಿರಲಾರದು ಎಂಬುದು ನನ್ನಂಥ ಮೂರ್ಖನಿಗೆ ಹೊಳೆಯಲೇ ಇಲ್ಲ. ಕಲ್ಲಿನ ಹಿಂಬದಿಯನ್ನು ಬಂಗಾರದಿಂದ ಮುಚ್ಚಿದ್ದರು. ಹಾಗೆ ಮುಚ್ಚಿದರೆ ಕೆಳಗೆ ಬಣ್ಣದ ತಗಡು ಇಟ್ಟು ಗಾಜನ್ನೂ ಮಾಣಿಕ್ಯದಂತೆ ಹೊಳೆಸಬಹುದು. ಬಿಚ್ಚಿ ನೋಡುವುದು ಅರ್ಧ ಗಂಟೆಯ ಕೆಲಸ. ನಾನು ಬಿಚ್ಚಲಿಲ್ಲ.

“ಅಕ್ಕಾರ, ಇದು ಗಾಜೈತ್ರಿ. ಬಂಗಾರಾನೂ ಭಾಳ ತೆಳು, ಅದರಿಂದ ಏನೂ ಆಗೂದಿಲ್ಲ,” ಎಂದೆ.

“ನಮ್ಮತ್ತಿ ಸಾಯೂಮುಂದ ಮೊಮ್ಮಗಳಿಗಂತ ಕೊಟ್ಟದ್ರಿ. ಇನ್ನೊಮ್ಮೆ ನೋಡ್ರಿ ಸಾಹೇಬ್ರ.”

“ಎರಡ ಸಲ ನೋಡೇನ್ರಿ.”

ನೀಲವ್ವ ಉಂಗುರವನ್ನು ಡಬ್ಬಿಗೆ ಹಾಕಿಕೊಂಡು ಹೊರಟರು. ಬೇರೆ ಯಾರಿಗೂ ತೋರಿಸಲಿಲ್ಲವಂತೆ. ಸವಣೂರಿನ ಸಾಹೇಬರು ಹೇಳಿದ ಮೇಲೆ ಮುಗಿಯಿತು ಎಂದು ಊರವರೇ ಹೇಳಿದ್ದರಂತೆ.

ದೀಪಾವಳಿ ಕಳೆದ ಮೇಲೆ ಅವರು ಮತ್ತೆ ಬಂದರು. ಜಗಳಕ್ಕೆ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಸುಮ್ಮನೆ ಕುಳಿತು ಎಲ್ಲವನ್ನೂ ಹೇಳಿದರು. ಬೀಗರು ಬಿಜ್ಜರ ಮನೆ ತಿರುಗಿ ದುಡ್ಡು ಕೂಡಿಸುವುದರಲ್ಲಿ ಎಂಟು ದಿನ ಹೋದವು. ಹುಬ್ಬಳ್ಳಿಗೆ ಒಯ್ದ ಎರಡನೇ ದಿನವೇ ಮಗಳು ಅಕ್ಷತಾ ತೀರಿಕೊಂಡಳು. ಹತ್ತೊಂಬತ್ತು ವರ್ಷದ ಹುಡುಗಿ. ಆಮೇಲೆ ನೀಲವ್ವನವರ ತಮ್ಮ ಉಂಗುರವನ್ನು ಅಲ್ಲಿನ ಅಂಗಡಿಯೊಂದರಲ್ಲಿ ತೋರಿಸಿದ. ಕಲ್ಲು ಬಿಚ್ಚಿ ನೋಡಿದವರು ಅಸಲಿ ಮಾಣಿಕ್ಯ ಎಂದರು.

“ಅವತ್ತ ನೀವು ನೋಡಿದ್ದು ಇದನ್ನ ಹೌದಲ್ರಿ?” ಎಂದು ಉಂಗುರ ಮುಂದಿಟ್ಟರು.

ಅದೇ ಉಂಗುರ. ತುಟಿಗೆ ಮುಟ್ಟಿಸಿದೆ. ಹೊಸ ಮಣ್ಣಿನ ಕೊಡದ ನೀರಿನಷ್ಟು ತಂಪು.

“ಅವತ್ತ ಇದು ಬೆಚ್ಚಗಿತ್ರಿ ಅಕ್ಕಾರ. ಅದಕ್ಕ ಗಾಜು ಅಂದೆ. ದೇವರಾಣಿ,” ಎಂದೆ. ನನ್ನ ಕಿವಿಗೇ ಅದು ನೆಪದಂತೆ ಕೇಳಿಸಿತು.

ಅವರು ನನ್ನ ಕಡೆ ಬಾಗಿದರು. “ಎಷ್ಟ ಬೆಚ್ಚಗಿತ್ರಿ?”

“ಜ್ವರ ಬಂದವರ ಹಣಿ ಇರ್ತೈತೆಲ್ರಿ, ಹಂಗ.”

ಉಂಗುರವನ್ನು ನನ್ನ ಕೈಯಿಂದ ತೆಗೆದುಕೊಂಡು, ಕಲ್ಲನ್ನು ತಮ್ಮ ತುಟಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದರು. ಅವರು ಹಾಗೆ ಕುಳಿತಿದ್ದಾಗ ನಾನು ಯೋಚಿಸಿದ್ದನ್ನೇ ಇಂದಿಗೂ ಯೋಚಿಸುತ್ತಿದ್ದೇನೆ. ಥಂಡಿಗೆ ನನ್ನ ತುಟಿಯೇ ಮರಗಟ್ಟಿತ್ತೇ? ಆದರೆ ಆಮೇಲೆ ಅಂಥದ್ದೇ ಥಂಡಿ ದಿನಗಳಲ್ಲಿ ಬೇರೆ ಎಷ್ಟೋ ಕಲ್ಲು ತುಟಿಗೆ ಇಟ್ಟು ನೋಡಿದೆ, ಒಂದೂ ಬೆಚ್ಚಗಾಗಲಿಲ್ಲ. ಹುಡುಗಿಯ ಜ್ವರ ಅಷ್ಟು ದೂರ ಕಲ್ಲಿನಲ್ಲಿ ಕುಳಿತು ಬಂದಿತ್ತು ಎನ್ನಲು ನನ್ನ ಬುದ್ಧಿ ಒಪ್ಪುವುದಿಲ್ಲ. ಒಪ್ಪಿದರೂ ಅವಳನ್ನು ಕೊಂದ ಮಾತು ನನ್ನದೇ.

ನೀಲವ್ವ ಕಣ್ಣು ತೆರೆದರು.

“ಈಗ ಏನೂ ಇಲ್ರಿ,” ಎಂದರು. ಉಂಗುರವನ್ನು ಡಬ್ಬಿಗೆ ಹಾಕುತ್ತ, “ಬೆಚ್ಚಗೈತಿ ಅಂತ ಅವತ್ತ ಒಂದ ಮಾತು ಹೇಳಬೇಕಿತ್ರಿ ಸಾಹೇಬ್ರ. ನಾನೂ ಒಮ್ಮೆ ಮುಟ್ಟತಿದ್ದೆ,” ಎಂದರು.