ಎಂಟು ಮಕ್ಕಳ ಡಾಕ್ಟರ್ ಅಮ್ಮ

ನಮ್ಮ ಶಾಲೆಯ ಒಂಬತ್ತನೇ ತರಗತಿಯಲ್ಲಿ ಜರ್ಮನ್ ಕಲಿಯುತ್ತಿದ್ದ ಎಂಟು ಮಕ್ಕಳಿಗೂ ಆ ಶನಿವಾರ ಬೆಳಿಗ್ಗೆ ಒಬ್ಬಳೇ ತಾಯಿ ಇದ್ದಳು. ಅವಳು ಡಾಕ್ಟರ್. ತಂದೆಯೂ ಒಬ್ಬನೇ, ಬ್ಯಾಂಕ್ ಅಧಿಕಾರಿ. ಎಂಟು ಮಕ್ಕಳಿಗೂ ಒಬ್ಬ ಅಣ್ಣ, ಒಂದು ಕಂದು ಬಣ್ಣದ ನಾಯಿ. ಭಾನುವಾರ ಎಂಟು ಮಂದಿಯೂ ಅಜ್ಜಿಯ ಮನೆಗೆ ಹೋಗಿ ಕೇಕ್ ತಿನ್ನುತ್ತಿದ್ದರು.

ಈ ಕುಟುಂಬವನ್ನು ಸೃಷ್ಟಿಸಿದವಳು ನಾನೇ. ಅದನ್ನು ಹೇಳುವ ಮೊದಲು ನಾನು ಅಲ್ಲಿಗೆ ಹೇಗೆ ಬಂದೆ ಎಂಬುದನ್ನು ಹೇಳಬೇಕು.

ನಾನು ಮಂಗಳೂರಿನ ಕಾನ್ವೆಂಟ್ ಹಾಸ್ಟೆಲೊಂದರಲ್ಲಿ ಬೆಳೆದವಳು. ಐದಕ್ಕೆ ಏಳುವ ಗಂಟೆ, ಐದೂಕಾಲಿಗೆ ಸ್ನಾನದ ಗಂಟೆ, ಆರಕ್ಕೆ ಓದಿನ ಗಂಟೆ. ಜರ್ಮನಿಯಿಂದ ಬಂದಿದ್ದ ವಯಸ್ಸಾದ ಸಿಸ್ಟರ್ ಒಬ್ಬರು ನಮಗೆ ಆ ಭಾಷೆ ಕಲಿಸಿದರು. ಅವರು ಕೊಟ್ಟ ಉತ್ತರದಲ್ಲಿ ಒಂದು ಪದ ಬದಲಾದರೂ ಅರ್ಧ ಅಂಕ ಕಳೆಯುತ್ತಿದ್ದರು. ಮುಂದೆ ನಾನು ಆ ಭಾಷೆಯಲ್ಲೇ ಡಿಪ್ಲೊಮಾ ಮಾಡಿದೆ. ಮದುವೆಯಾಯಿತು. ನನ್ನವರಿಗೆ ಬ್ಯಾಂಕಿನ ಕೆಲಸ. ವರ್ಗವಾಗಿ ವಿಜಯವಾಡಕ್ಕೆ ಬಂದೆವು, ಅಲ್ಲಿಂದ ವಿಶಾಖಪಟ್ಟಣಕ್ಕೆ. ಅವರು ನಿವೃತ್ತರಾದ ಮೇಲೆ ಅಲ್ಲಿನ ಎಂವಿಪಿ ಕಾಲೋನಿಯ ಮನೆಯಲ್ಲೇ ಉಳಿದುಬಿಟ್ಟೆವು. ಅಷ್ಟು ಹೊತ್ತಿಗೆ ಹತ್ತಿರದ ಶಾಲೆಯೊಂದು ಜರ್ಮನ್ ಕಲಿಸುವವರನ್ನು ಹುಡುಕುತ್ತಿತ್ತು. ಅರುವತ್ತು ದಾಟಿದ್ದ ನನಗೆ ಮತ್ತೆ ಗಂಟೆ ಹೊಡೆಯುವ ಜಾಗ ಸಿಕ್ಕಿತು. ಗಂಟೆ ಇಲ್ಲದ ದಿನ ನನಗೆ ದಿನವೇ ಅಲ್ಲ.

ಇಲ್ಲಿನ ಖಾಸಗಿ ಶಾಲೆಗಳಲ್ಲಿ ಮಾಲೀಕರನ್ನು ಕರೆಸ್ಪಾಂಡೆಂಟ್ ಎನ್ನುತ್ತಾರೆ. ನಮ್ಮ ಕರೆಸ್ಪಾಂಡೆಂಟ್ ಸಭ್ಯ ಮನುಷ್ಯ. ಎರಡನೇ ವರ್ಷ ಸಂಕ್ರಾಂತಿ ರಜೆ ಮುಗಿದ ಮರುದಿನ ನನ್ನನ್ನು ಕರೆಸಿ, ಕಾಫಿ ಕೊಡಿಸಿ, ವಿಷಯಕ್ಕೆ ಬಂದರು.

"ಮೇಡಂ ಗಾರೂ, ತಪ್ಪು ತಿಳೀಬೇಡಿ. ಸಂಸ್ಕೃತ ತಗೊಂಡ ಮಕ್ಕಳಿಗೆ ನೂರಕ್ಕೆ ತೊಂಬತ್ತೆಂಟು ಬರುತ್ತೆ. ಪೇರೆಂಟ್ಸ್ ಕೇಳ್ತಾರೆ, ಜರ್ಮನ್ ತಗೊಂಡ್ರೆ ಏನು ಗ್ಯಾರಂಟಿ ಅಂತ. ನಾನು ಏನು ಹೇಳಲಿ?"

ಮಾರ್ಚಿನಲ್ಲಿ ಹೊರಗಿನ ಸಂಸ್ಥೆಯೊಂದು ನಡೆಸುವ ಮೊದಲ ಹಂತದ ಪರೀಕ್ಷೆ ಇತ್ತು. ಬರೆಯುವುದೂ ಉಂಟು, ಎದುರು ಕೂತು ಮಾತಾಡುವುದೂ ಉಂಟು. ಕೇಂದ್ರ ವಿಜಯವಾಡದಲ್ಲಿ. ಅದರಲ್ಲಿ ಎಂಟಕ್ಕೆ ಎಂಟೂ ಪಾಸಾದರೆ ಜರ್ಮನ್ ಮುಂದುವರಿಯುತ್ತದೆ, ಒಬ್ಬರು ಫೇಲಾದರೂ ಆ ಪೀರಿಯಡ್ ಸಂಸ್ಕೃತಕ್ಕೆ ಹೋಗುತ್ತದೆ ಎಂದರು. ನ್ಯಾಯವಾದ ಮಾತು ಎಂದೇ ನನಗೆ ಅನಿಸಿತು. ಮನೆಗೆ ಬಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಮರುದಿನ ಮಕ್ಕಳಿಗೂ ಈ ಷರತ್ತು ತಿಳಿಸಿದೆ.

ಮಾತಿನ ಪರೀಕ್ಷೆಗೆ ಒಂದು ಮಾದರಿ ಸ್ವಪರಿಚಯ ಬೇಕಲ್ಲ. ಬೋರ್ಡಿನ ಮೇಲೆ ಹದಿನೆಂಟು ಸಾಲು ಬರೆದೆ. ತಂದೆ ಬ್ಯಾಂಕಿನವರು, ಏಕೆಂದರೆ ನನ್ನ ಮನೆಯಲ್ಲಿ ಇದ್ದವರು ಬ್ಯಾಂಕಿನವರು. ತಾಯಿ ಡಾಕ್ಟರ್, ಏಕೆಂದರೆ ಆ ಪದ ಉಚ್ಚರಿಸಲು ಸುಲಭ. ನಾಯಿ, ಅಜ್ಜಿ, ಕೇಕು ಎಲ್ಲವೂ ಹೀಗೆಯೇ ಬಂದವು. ಸಿಸ್ಟರ್ ಮಾಡುತ್ತಿದ್ದಂತೆ ನಾನೂ ನಿಯಮ ಹಾಕಿದೆ: ಒಂದು ಪದ ತಪ್ಪಿದರೆ ಅರ್ಧ ಅಂಕ ಕಟ್. ದಿನವೂ ಹಾಜರಿಯ ಸಂಖ್ಯೆಯ ಕ್ರಮದಲ್ಲಿ ಒಬ್ಬೊಬ್ಬರೂ ಎದ್ದು ಒಪ್ಪಿಸಬೇಕು. ಕಂಠಪಾಠದಲ್ಲಿ ಈ ಊರಿನ ಮಕ್ಕಳನ್ನು ಮೀರಿಸುವವರಿಲ್ಲ. ಹತ್ತೇ ದಿನದಲ್ಲಿ ಹದಿನೆಂಟು ಸಾಲೂ ನೀರು ಕುಡಿದಂತಾಯಿತು. ನನ್ನ ಕೆಂಪು ಪೆನ್ನಿಗೆ ಕೆಲಸವೇ ಇರಲಿಲ್ಲ. ನಾನು ಬೀಗಿದೆ.

ಒಂದು ಅಣಕು ಪರೀಕ್ಷೆ ಮಾಡಿಬಿಡೋಣ ಎಂದು, ಔಷಧ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಧಾರವಾಡ ಕಡೆಯ ಯುವಕನೊಬ್ಬನನ್ನು ಕರೆದೆ. ಎರಡು ವರ್ಷ ಜರ್ಮನಿಯಲ್ಲಿದ್ದು ಬಂದವನು. ಕನ್ನಡ ಮಾತಾಡುವ ಆಸೆಗೆ ಆಗಾಗ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಶನಿವಾರ ಬೆಳಿಗ್ಗೆ ಅವನು ತರಗತಿಯ ಒಳಗೆ ಕುಳಿತ. ಮಕ್ಕಳು ಒಬ್ಬೊಬ್ಬರಾಗಿ ಹೋದರು. ನಾನು ಹೊರಗೆ ಕಾರಿಡಾರಿನಲ್ಲಿ ಗಡಿಯಾರ ಹಿಡಿದು ನಿಂತಿದ್ದೆ. ಐದನೆಯ ಮಗು ಒಳಗೆ ಹೋದಾಗ ನಗು ಕೇಳಿಸಿತು. ಎಂಟನೆಯದು ಮುಗಿದಾಗ ಅವನು ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದ.

"ಏನ್ರೀ ಮೇಡಂ, ಎಂಟೂ ಮಂದೀಗೆ ಒಬ್ಬಾಕೀನ ತಾಯಿ?"

"ಅಂದರೆ?"

"ಎಲ್ಲಾರ ಅವ್ವನೂ ಡಾಕ್ಟರ್ ಅಂತ. ಎಲ್ಲಾರ ಮನ್ಯಾಗೂ ಕಂದು ನಾಯಿ ಐತಂತ. ನಾಯಿ ಏನ್ ತಿಂತೈತಿ ಅಂತ ಕೇಳಿದ್ರ ಒಬ್ರೂ ಬಾಯಿ ಬಿಡವಲ್ರು. ಎಂಟೂ ಹುಡುಗರಿಗೆ ನೀವ ಅವ್ವ ಆಗೀರಿ ನೋಡ್ರಿ."

ನಾನು ಒಳಗೆ ಹೋದೆ. ಮಕ್ಕಳು ತಲೆ ತಗ್ಗಿಸಿ ಕುಳಿತಿದ್ದರು. ಒಬ್ಬ ಹುಡುಗ ಮಾತ್ರ ಅಳುತ್ತಿದ್ದ. "ಮೇಡಂ, ನಮ್ಮಮ್ಮ ನಿಜವಾಗ್ಲೂ ಡಾಕ್ಟರ್. ಆ ಸರ್ ನಂಬಲೇ ಇಲ್ಲ, ನಕ್ಕುಬಿಟ್ಟರು."

ಮೂರನೇ ಬೆಂಚಿನ ಹುಡುಗಿಯನ್ನು ನಿಲ್ಲಿಸಿದೆ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅವಳ ಮನೆಯವರು ಮೀನಿನ ವ್ಯಾಪಾರದವರು ಎಂದು ಶಾಲೆಯ ದಾಖಲೆಯಲ್ಲಿ ಓದಿದ್ದೆ. ಇವಳಿಗೆ ಹೇಳಲು ನಾಚಿಕೆಯಾಗಿರಬೇಕು ಎಂದುಕೊಂಡು ದನಿ ತಗ್ಗಿಸಿದೆ.

"ಅಮ್ಮ ಏನು ಕೆಲಸ ಮಾಡುತ್ತಾರೆ ಎಂದು ಹೇಳಲು ಸಂಕೋಚವಾಯಿತಾ?"

ಅವಳಿಗೆ ಆಶ್ಚರ್ಯವಾಯಿತು. "ಸಂಕೋಚ ಯಾಕೆ ಮೇಡಂ? ಡಾಕ್ಟರ್ ತೆಗೆದು ಮೀನು ಮಾರುತ್ತಾರೆ ಅಂತ ಹಾಕಿದರೆ ಮೂರು ಪದ ಬದಲಾಗುತ್ತೆ. ಒಂದೂವರೆ ಅಂಕ ಹೋಗುತ್ತಲ್ಲ."

ಉಳಿದ ಏಳು ತಲೆಗಳೂ ಹೌದೆಂದು ಆಡಿದವು. ಅವರಿಗೆ ಇದು ಸರಳ ಲೆಕ್ಕ. ಟ್ಯೂಷನ್ನಿನಲ್ಲಿ, ಎಲ್ಲ ವಿಷಯಗಳಲ್ಲಿ ಅವರು ಕಲಿತದ್ದು ಇದನ್ನೇ: ಮಾದರಿ ಉತ್ತರವನ್ನು ಮುಟ್ಟಬಾರದು. ನಾನು ಅದಕ್ಕೆ ಬೀಗ ಹಾಕಿ ಕೀಲಿಯನ್ನೂ ಎಸೆದಿದ್ದೆ.

ಮರುದಿನ ಭಾನುವಾರ. ಬುಧವಾರ, ಭಾನುವಾರ ಏಳೂಕಾಲಿಗೆ ನಾನು ರೈತು ಬಜಾರಿನ ಹೊರಗೆ ಮೀನು ಕೊಳ್ಳುವುದು. ವರ್ಷಗಳಿಂದ ಒಬ್ಬಳ ಹತ್ತಿರವೇ. ಎತ್ತರದ ಹೆಂಗಸು, ಚುರುಕು ಕೈ. ಆ ದಿನ ಅವಳು ಮೀನಿನ ಹುರುಪೆ ಕೆರೆಯುತ್ತಲೇ ತೆಲುಗಿನಲ್ಲಿ ಕೇಳಿದಳು:

"ಏನಮ್ಮಾ, ಡಾಕ್ಟರಮ್ಮನ ಹತ್ತಿರವೂ ಚೌಕಾಸಿ ಮಾಡುತ್ತೀರಾ?"

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಮೂರನೇ ಬೆಂಚಿನ ಹುಡುಗಿಯ ಮೂಗು, ಅದೇ ಹುಬ್ಬು.

"ನಿನ್ನ ಮಗಳೇನೇ? ಇಷ್ಟು ದಿನ ಹೇಳಲೇ ಇಲ್ಲ!"

"ನೀವು ಕೇಳಲಿಲ್ಲ. ನಿಮ್ಮ ಮೇಡಂ ತೂಕ ಎರಡು ಸಲ ನೋಡುತ್ತಾರೆ ಅಂತ ಅವಳಿಗೂ ಹೇಳಿಲ್ಲ," ಎಂದು ನಕ್ಕಳು. ಆಮೇಲೆ ಚಾಕು ಕೆಳಗಿಟ್ಟಳು. "ಅವಳು ನಿನ್ನೆ ಊಟ ಮಾಡಲಿಲ್ಲ. ಅವಳಿಂದ ನಿಮ್ಮ ಕ್ಲಾಸು ಹೋಗುತ್ತಂತೆ. ಹೋಗುತ್ತಾ?"

"ಅವಳಿಂದಲ್ಲ. ಹೋದರೆ ನನ್ನಿಂದ," ಎಂದೆ. ಹಾಗೆ ಹೇಳಿದ್ದು ನನ್ನ ಬಾಯಿಯೇ ಎಂದು ನನಗೇ ನಂಬಿಕೆಯಾಗಲಿಲ್ಲ.

ಮನೆಗೆ ಬಂದು ಮೀನು ತೊಳೆಯುವಾಗ ನನ್ನ ಸಿಸ್ಟರ್ ನೆನಪಾದರು. ಅವರ ಅರ್ಧ ಅಂಕವನ್ನು ನಾನು ಐವತ್ತು ವರ್ಷ ಜೋಪಾನವಾಗಿಟ್ಟಿದ್ದೆ. ಮರೆತದ್ದು ಇನ್ನೊಂದನ್ನು. ಹಾಸ್ಟೆಲಿನ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವರೂ ನಮ್ಮ ಜೊತೆ ಒಗೆಯಲು ನಿಲ್ಲುತ್ತಿದ್ದರು. ಅಲ್ಲಿ ಜರ್ಮನ್ ಮಾತ್ರ ಆಡಬೇಕು, ಆದರೆ ಅಲ್ಲಿ ಅವರು ಯಾರ ತಪ್ಪನ್ನೂ ತಿದ್ದುತ್ತಿರಲಿಲ್ಲ. ಯಾರ ಲಂಗ ಹರಿದಿದೆ, ಯಾರಿಗೆ ಮನೆಯಿಂದ ಪತ್ರ ಬಂದಿಲ್ಲ, ಎಲ್ಲವನ್ನೂ ಹರಕುಮುರುಕಾಗಿ ಹೇಳುತ್ತಿದ್ದೆವು. ನನಗೆ ಭಾಷೆ ಬಂದದ್ದು ಆ ಕಲ್ಲಿನ ಹತ್ತಿರ.

ಸೋಮವಾರ ಆ ಹದಿನೆಂಟು ಸಾಲು ಬರೆಸಿದ್ದ ಎಂಟು ನೋಟ್‌ಬುಕ್ಕುಗಳನ್ನೂ ವಾಪಸು ತೆಗೆದುಕೊಂಡು ಬೀರುವಿನಲ್ಲಿಟ್ಟೆ. ಹಾಜರಿ ಕರೆದಾಗ ಒಬ್ಬೊಬ್ಬರೂ ಒಂದು ನಿಜವಾದ ಮಾತು ಹೇಳಬೇಕು, ತಪ್ಪಾದರೂ ಅಂಕ ಕಳೆಯುವುದಿಲ್ಲ ಎಂದೆ. ತರಗತಿಗೆ ಮೊದಲಿಗನಾಗಿದ್ದ ಹುಡುಗ ಕೈ ಎತ್ತಿದ.

"ಮೇಡಂ, ನಿಜ ಹೇಳೋಕೆ ಪದಗಳೇ ಗೊತ್ತಿಲ್ಲ."

"ಗೊತ್ತಿರುವ ಪದಗಳಲ್ಲಿ ಹೇಳು."

"ಗೊತ್ತಿರೋ ಪದಗಳೆಲ್ಲ ನಿಮ್ಮ ನಾಯಿದು, ಮೇಡಂ."

ಆ ವಾರ ಪೋಷಕರ ಫೋನುಗಳು ಬಂದವು. ನೋಟ್ಸ್ ಕಿತ್ತುಕೊಂಡರೆ ಮಕ್ಕಳು ಏನನ್ನು ಓದಬೇಕು? ಕರೆಸ್ಪಾಂಡೆಂಟ್ ಕೂಡ ಒಂದು ಸಲ ಬಾಗಿಲಲ್ಲಿ ನಿಂತು ನೋಡಿ ಹೋದರು. ನನಗೂ ಸುಲಭವಾಗಿರಲಿಲ್ಲ. ತಪ್ಪು ಕಿವಿಗೆ ಬಿದ್ದಾಗಲೆಲ್ಲ ನನ್ನ ಬಲಗೈ ತಾನಾಗಿ ಪೆನ್ನು ಹುಡುಕುತ್ತಿತ್ತು. ಕೊನೆಗೆ ಕೆಂಪು ಪೆನ್ನನ್ನು ಮನೆಯಲ್ಲೇ ಬಿಟ್ಟು ಬರತೊಡಗಿದೆ. ಮೆಲ್ಲಗೆ ಮಕ್ಕಳ ಮನೆಗಳು ಒಂದೊಂದಾಗಿ ತರಗತಿಗೆ ಬಂದವು. ಒಬ್ಬಳ ಅಜ್ಜಿ ಭೀಮುನಿಪಟ್ಟಣದಲ್ಲಿ ಒಬ್ಬಳೇ ಇದ್ದು ದಿನಾ ಸಮುದ್ರಕ್ಕೆ ಕಾಲು ತೊಳೆಯಲು ಹೋಗುತ್ತಾಳೆ. ಒಬ್ಬನ ಅಣ್ಣ ಗೊರಕೆ ಹೊಡೆಯುತ್ತಾನೆ. ಡಾಕ್ಟರ್ ಮಗ, ತನ್ನ ಅಮ್ಮ ಮನೆಗೆ ಬಂದರೆ ಯಾರ ಜೊತೆಯೂ ಮಾತಾಡದೆ ಅರ್ಧ ಗಂಟೆ ಕುರ್ಚಿಯಲ್ಲಿ ಕೂರುತ್ತಾಳೆ ಎಂದ. ಕ್ರಿಯಾಪದ ಸರಿಯಿರಲಿಲ್ಲ. ಎಲ್ಲರಿಗೂ ಅರ್ಥವಾಯಿತು.

ಪರೀಕ್ಷೆಯ ಹಿಂದಿನ ದಿನ ಬೆಳಗಿನ ರೈಲಿಗೆ ಹೊರಟೆವು. ಹೆಣ್ಣುಮಕ್ಕಳ ಜೊತೆಗೆ ಇನ್ನೊಬ್ಬ ಹೆಂಗಸು ಬೇಕು ಎಂದಾಗ ಮೀನಿನವಳೇ ಬಂದಳು. ಅವಳ ದಿನವೂ ನಾಲ್ಕಕ್ಕೆ ಬಂದರಿನಲ್ಲಿ ಶುರುವಾಗುವುದು, ನನಗಿಂತ ಒಂದು ಗಂಟೆ ಮೊದಲು. ರೈಲು ಹೊರಡುವ ಮೊದಲು ಎಂಟು ಮಕ್ಕಳನ್ನೂ ಅವಳು ಎರಡು ಸಲ ಎಣಿಸಿದಳು. "ನಿಮ್ಮ ಮೇಡಂನಿಂದ ಕಲಿತದ್ದು," ಎಂದು ಮಗಳಿಗೆ ಹೇಳಿದಳು. ವಿಜಯವಾಡದಲ್ಲಿ ನನ್ನವರ ಹಳೆಯ ಸಹೋದ್ಯೋಗಿಯ ಮನೆಯಲ್ಲಿ ಉಳಿದೆವು. ಆ ಮನೆಯೊಡತಿ ಹತ್ತೂ ಜನಕ್ಕೆ ಬಿಸಿಬೇಳೆಬಾತ್ ಬಡಿಸಿದ್ದನ್ನು ನಾನು ಮರೆಯುವಂತಿಲ್ಲ.

ಮರುದಿನ ಬರೆಯುವ ಪರೀಕ್ಷೆ ಮುಗಿದು, ಮಧ್ಯಾಹ್ನ ಮಾತಿನದು. ನಮ್ಮನ್ನು ಗೇಟಿನ ಒಳಗೆ ಬಿಡಲಿಲ್ಲ. ಎದುರಿನ ಬೇವಿನ ಮರದ ಕೆಳಗೆ ನಾವಿಬ್ಬರು ಹೆಂಗಸರು ಕುಳಿತೆವು. ವಿಜಯವಾಡದ ಬಿಸಿಲು. ನಾನು ಗಡಿಯಾರ ನೋಡುತ್ತಿದ್ದೆ.

"ಅದನ್ನು ಚೀಲಕ್ಕೆ ಹಾಕಿ ಅಮ್ಮಾ," ಎಂದಳು ಅವಳು. "ನೋಡಿದರೆ ಬೇಗ ಬರುತ್ತಾರಾ?"

ಹಾಕಿದೆ.

ಅವಳ ಮಗಳು ಐದನೆಯವಳಾಗಿ ಹೊರಗೆ ಬಂದಳು. ಓಡಲೂ ಇಲ್ಲ, ನಗಲೂ ಇಲ್ಲ. ನೆರಳಿಗೆ ಬಂದು ನೀರು ಕುಡಿದಳು.

"ಅಮ್ಮ ಏನು ಮಾಡುತ್ತಾರೆ ಅಂತ ಕೇಳಿದರು ಮೇಡಂ. ಮೀನು ಮಾರುತ್ತಾರೆ ಅಂದೆ. ಯಾವ ಮೀನು ಅಂತ ಕೇಳಿದರು."

ಅದು ಪಠ್ಯದಲ್ಲಿ ಇರಲಿಲ್ಲ. "ಏನು ಹೇಳಿದೆ?"

"ವಂಜರಂ ಅಂದೆ. ಜರ್ಮನ್ ಹೆಸರು ಗೊತ್ತಿಲ್ಲ, ಆದರೆ ದೊಡ್ಡ ಮೀನು, ಸಣ್ಣ ಮುಳ್ಳಿಲ್ಲ, ಅಜ್ಜಂದಿರೂ ತಿನ್ನಬಹುದು ಅಂದೆ. ಹೇಗೆ ಅಡುಗೆ ಮಾಡುತ್ತೀರಿ ಅಂದರು. ಹುಳಿ ಹಣ್ಣು, ಖಾರದ ಪುಡಿ, ಉಪ್ಪು ಅಂದೆ."

ತಾಯಿ ಎದ್ದು ನಿಂತಳು. "ಬೆಳ್ಳುಳ್ಳಿ?"

"ಅದರ ಪದ ಬರಲಿಲ್ಲಮ್ಮಾ."

"ಬೆಳ್ಳುಳ್ಳಿ ಇಲ್ಲದೆ ಮೀನಿನ ಪುಲುಸು ಮಾಡ್ತಾರಾ? ಆ ಮನುಷ್ಯ ಮನೆಗೆ ಹೋಗಿ ಮಾಡಿದರೆ ನನ್ನ ಬಗ್ಗೆ ಏನು ಅಂದುಕೊಳ್ತಾನೆ!"

ಹುಡುಗಿ ಆಗ ನಕ್ಕಳು. ನಾನೂ. ವಂಜರಂ ಅಂದರೆ ನಮ್ಮೂರಿನ ಅಂಜಲ್. ವಾರಕ್ಕೆ ಎರಡು ಸಲ ಕೊಳ್ಳುವ ಆ ಮೀನಿಗೆ ಜರ್ಮನಿನಲ್ಲಿ ಏನೆನ್ನುತ್ತಾರೆಂದು ನನಗೂ ಗೊತ್ತಿರಲಿಲ್ಲ.

ಫಲಿತಾಂಶ ಬಂದಾಗ ಎಂಟೂ ಮಂದಿ ಪಾಸಾಗಿದ್ದರು. ಭಾರೀ ಅಂಕಗಳೇನಲ್ಲ. ಒಬ್ಬ ಗಡಿಯ ಮೇಲೆ ಕಾಲಿಟ್ಟು ಆಚೆ ಬಂದಿದ್ದ. ಮಾತಿನಲ್ಲಿ ಹೆಚ್ಚು ಅಂಕ ಮೂರನೇ ಬೆಂಚಿನವಳಿಗೆ. ಕರೆಸ್ಪಾಂಡೆಂಟ್ ಪಟ್ಟಿಯನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿದರು. "ತೊಂಬತ್ತೆಂಟು ಯಾರಿಗೂ ಇಲ್ಲವಲ್ಲ ಮೇಡಂ ಗಾರೂ," ಎಂದರು. "ಆದರೆ ನಾನು ಹೇಳಿದ್ದು ಪಾಸಾಗಬೇಕು ಅಂತ. ಮಾತು ಮಾತೇ." ಜೂನ್ ವೇಳಾಪಟ್ಟಿಯಲ್ಲಿ ಜರ್ಮನ್ ಎರಡನೇ ಪೀರಿಯಡ್ಡಿನಲ್ಲೇ ಉಳಿಯಿತು. ಕೊಟ್ಟ ಮಾತಿಗೆ ನಿಂತ ಆ ಮನುಷ್ಯನಿಗೆ, ನಕ್ಕು ಕಣ್ಣು ತೆರೆಸಿದ ಧಾರವಾಡದ ಹುಡುಗನಿಗೆ, ಗಡಿಯಾರವನ್ನು ಚೀಲಕ್ಕೆ ಹಾಕಿಸಿದವಳಿಗೆ ನಾನು ಋಣಿ. ಎಲ್ಲಕ್ಕಿಂತ ಹೆಚ್ಚು ಆ ಎಂಟು ಮಕ್ಕಳಿಗೆ. ಹದಿನೆಂಟು ಸಾಲು ಕಲಿಯುವುದಕ್ಕಿಂತ ಅದನ್ನು ಬಿಡುವುದು ಕಷ್ಟ, ಅವರು ನನ್ನ ಮಾತು ನಂಬಿ ಬಿಟ್ಟರು.

ಜೂನಿನ ಮೊದಲ ದಿನ ಹೊಸ ಮಕ್ಕಳು ಹನ್ನೊಂದು ಜನ ಬಂದರು. ಗಂಟೆ ಹೊಡೆಯಿತು. ನಾನು ಬೋರ್ಡಿನ ಮೇಲೆ "ನನ್ನ ಅಮ್ಮ" ಎಂದು ಜರ್ಮನಿನಲ್ಲಿ ಬರೆದು ಸೀಮೆಸುಣ್ಣ ಕೆಳಗಿಟ್ಟೆ. ಹನ್ನೊಂದು ಪೆನ್ನುಗಳು ಕಾದವು.

"ಮುಂದೆ ಏನು ಬರೀಬೇಕು ಮೇಡಂ?" ಎಂದಳು ಮುಂದಿನ ಸಾಲಿನವಳು.

"ಮನೆಗೆ ಹೋಗಿ ಅವರನ್ನೇ ಕೇಳಿಕೊಂಡು ಬಾ," ಎಂದೆ.