ಎರಡು ಹೆಜ್ಜೆಯ ಕುದುರೆ

ಕಳೆದ ವಾರ ಪಣಜಿಯಲ್ಲಿ ವಲಸೆ ಕೂಲಿಕಾರರ ಸಭೆಯೊಂದರಲ್ಲಿ ಮಾತನಾಡಲು ಹೋಗಿದ್ದೆ. ಸಭಾಗೃಹದ ಹಳೆಯ ಬಾಗಿಲಿಗೆ ಬಡಗಿಯೊಬ್ಬ ಅಗಸೆ ಎಣ್ಣೆ ಉಜ್ಜುತ್ತಿದ್ದ. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಹೊಸ್ತಿಲ ಮೇಲಿದ್ದ ನಾನು ಗೋಡೆಯ ಮಗ್ಗುಲಿಗೆ ಸರಿದು ನಿಂತೆ. ಕೈಯಲ್ಲಿದ್ದ ಭಾಷಣದ ಹಾಳೆಗಳು ಬೆವರಿಗೆ ಒದ್ದೆಯಾದವು. ಸೆಕೆಯೆಂದು ಭಾವಿಸಿ ಸಂಘಟಕರು ನೀರು ತಂದುಕೊಟ್ಟರು. ಸೆಕೆಯಲ್ಲ... ಅದು ಬಂದೂಕಿನ ಮೇಸ್ತ್ರಿಯ ಅಂಗಡಿಯ ವಾಸನೆಯಾಗಿತ್ತು.

ಗೋವಾದ ಸಾಂಖಳಿಯ ಪೇಟೆ ಮುಗಿಯುವಲ್ಲಿ ಅವರದೊಂದು ಕಿರಿದಾದ ಅಂಗಡಿಯಿತ್ತು. ತೋಟಗಾರರ ಲೈಸೆನ್ಸಿನ ಬಂದೂಕುಗಳನ್ನು ದುರಸ್ತಿ ಮಾಡುವುದು, ಮರದ ಹಿಡಿಗೆ ಅಗಸೆ ಎಣ್ಣೆ ಉಜ್ಜುವುದು ಅವರ ಕಸುಬು. ಅಪ್ಪನ ಹಾಗೆ ಅವರೂ ವಿಜಯಪುರದ ಕಡೆಯವರು. ಅವರದೊಂದು ಕಟ್ಟಳೆಯಿತ್ತು: ದುರಸ್ತಿಯಾದ ಬಂದೂಕನ್ನು ಒಯ್ಯುವವನು ಹೊಸ್ತಿಲು ದಾಟುವ ಮೊದಲು, ಗೋಡೆಗೊರಗಿಸಿದ ಮರಳಿನ ಚೀಲಕ್ಕೆ ಗುರಿಯಿಟ್ಟು, ಗುಂಡಿಲ್ಲದೆ ಒಮ್ಮೆ ಹೊಡೆದು ತೋರಿಸಬೇಕು. ಆ ಹೊತ್ತಿಗೆ ಬಾಗಿಲಲ್ಲಿ ಯಾರೂ ನಿಲ್ಲಕೂಡದು.

ನಾನು ಆಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ಅಪ್ಪ ಗೋಡಂಬಿ ತೋಟವೊಂದರ ಕಾವಲುಗಾರ. ತೋಟದ ಒಡೆಯನನ್ನು ಅಲ್ಲಿಯವರಂತೆ ನಾವೂ ಭಾಟ್ಕಾರ ಎನ್ನುತ್ತಿದ್ದೆವು. ಹಂದಿ ಬೆದರಿಸಲು ಅವನು ಕೊಟ್ಟಿದ್ದು ಪೋರ್ತುಗೀಸರ ಕಾಲದ ರೈಫಲ್. ಪ್ರತಿ ಗುಂಡಿಗೂ ಬೋಲ್ಟ್ ಎಳೆದು ತಳ್ಳಬೇಕು. ಆ ವರ್ಷ ಅಪ್ಪನ ತೋರುಬೆರಳಿನ ಗಿಣ್ಣು ಬಾತುಕೊಂಡು, ಬಿಗಿಯಾದ ಟ್ರಿಗರ್ ಎಳೆಯಲು ಆಗದಾಯಿತು. ಗೋಡಂಬಿ ಹಣ್ಣಾಗುವುದರೊಳಗೆ ಸರಿಯಾಗಿ ಹೊಡೆದು ತೋರಿಸದಿದ್ದರೆ ಲೈಸೆನ್ಸಿಗೆ ಬೇರೆಯವನ ಹೆಸರು ಸೇರಿಸಿ ಅವನನ್ನೇ ಕಾವಲಿಗಿಡುವುದಾಗಿ ಭಾಟ್ಕಾರ ಹೇಳಿದ. ಆ ಕೆಲಸದ ಜೊತೆಗೇ ನಾವು ಮಲಗುತ್ತಿದ್ದ ಖೋಲಿಯಿತ್ತು. ನನ್ನ ಓದೂ ಇತ್ತು. ಹಾಗಾಗಿ ಟ್ರಿಗರ್ ಹಗುರ ಮಾಡಿಸಲೆಂದು ನಾನೇ ಅಪ್ಪನನ್ನು ಮೇಸ್ತ್ರಿಯ ಬಳಿಗೆ ಕರೆದೊಯ್ದೆ.

ಮೇಸ್ತ್ರಿ ಟ್ರಿಗರನ್ನು ಕುದುರೆ ಎಂದೇ ಕರೆಯುತ್ತಿದ್ದರು. ಖಾಲಿ ರೈಫಲ್ಲನ್ನು ಗೋಡೆಯತ್ತ ಹಿಡಿದು ನಿಧಾನವಾಗಿ ಎಳೆದು ತೋರಿಸಿದರು.

“ನೋಡ್ ಬೇಟಿ, ಈ ಕುದರಿಗೆ ಎರಡ ಹೆಜ್ಜಿ ಅದಾವು. ಮೊದಲನೇದು ಸುಮ್ನ ಬರತೈತಿ. ಆಮ್ಯಾಲ ತಡೀತೈತಿ. ‘ಖರೇನ ಹೊಡಿತಿ ಏನು’ ಅಂತ ಕೇಳಿದಂಗ. ಹೌದು ಅಂತ ಇನ್ನೊಂದೀಟ ಎಳದ್ರ ಮಾತ್ರ ಹಾರತೈತಿ. ಆ ಎರಡನೇ ಹೆಜ್ಜಿ ತಗದ್ರ ಕೇಳಾವ್ರ ಯಾರು?”

ನಾನು ಸುಮ್ಮನಿರಲಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದ ಹುಡುಗಿ. ದುಡಿಯುವವರ ನ್ಯಾಯ ನನ್ನ ನಾಲಗೆಯ ತುದಿಯಲ್ಲಿಯೇ ಇರುತ್ತಿತ್ತು. ಯಂತ್ರ ಮನುಷ್ಯನಿಗೆ ಹೊಂದಿಕೊಳ್ಳಬೇಕೇ ಹೊರತು ಮನುಷ್ಯ ಯಂತ್ರಕ್ಕಲ್ಲ ಎಂದೆ. ಜೀವಮಾನವಿಡೀ ದುಡಿದ ಬೆರಳನ್ನು ತಪ್ಪಿತಸ್ಥನನ್ನಾಗಿ ಮಾಡಿ ಒಂದು ತುಂಡು ಕಬ್ಬಿಣವನ್ನು ನಿರ್ದೋಷಿಯೆನ್ನುವುದು ಯಾವ ನ್ಯಾಯವೆಂದು ಕೇಳಿದೆ. ಅವರು ಒಂದು ಆಕ್ಷೇಪವೆತ್ತಿದರೆ ನಾನು ಮೂರು ಉತ್ತರ ಕೊಟ್ಟೆ.

“ಇಕಿ ವಕೀಲಕಿ ಆಗ್ತಾಳ್ರಿ, ನಾ ಅಪರಾಧಿ ಆದ್ನಿ” ಎಂದು ಅಪ್ಪನತ್ತ ನೋಡಿ ನಕ್ಕರು ಮೇಸ್ತ್ರಿ. ಅಪ್ಪನ ಮುಖದಲ್ಲಿ ಹೆಮ್ಮೆಯಿತ್ತು. ಆ ಹೆಮ್ಮೆಯನ್ನು ನೆನೆದರೆ ಈಗಲೂ...

ಕೊನೆಗೆ ಅವರು ಒಪ್ಪಿದರು. ಇನ್ನೊಂದು ಹಳೆಯ ಬೇಟೆಯ ರೈಫಲ್ಲಿನಿಂದ ಒಂದೇ ಹೆಜ್ಜೆಯ, ಹಗುರವಾದ ಟ್ರಿಗರ್ ತೆಗೆದು, ನಾಲ್ಕು ದಿನ ಕುಳಿತು ಅಪ್ಪನ ರೈಫಲ್ಲಿಗೆ ಹೊಂದಿಸಿದರು. ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಚಹಾದ ಡಬ್ಬಿಯಲ್ಲಿಟ್ಟರು.

ಒಯ್ಯುವ ದಿನ ಮಧ್ಯಾಹ್ನ ಅಂಗಡಿಯಲ್ಲಿ ನಾವು ಮೂವರೇ. ಮೇಸ್ತ್ರಿ ರೈಫಲ್ಲಿನ ಒಳಗೆ ಬೆರಳಾಡಿಸಿ, ಗುಂಡಿಲ್ಲವೆಂದು ನೋಡಿ, ಅಪ್ಪನ ಕೈಗಿಟ್ಟರು. ನನ್ನತ್ತ ತಿರುಗಿ, “ಬಾಗಿಲಾಗ ನಿಲ್ಲಬ್ಯಾಡ ಬೇಟಿ” ಎಂದರು.

“ಖಾಲಿ ಐತಲ್ರಿ” ಎಂದೆ. ಸರಿಯಲಿಲ್ಲ. ಗೆದ್ದವಳು ಏಕೆ ಸರಿಯಬೇಕು?

ಅಪ್ಪ ಬೋಲ್ಟನ್ನು ತಳ್ಳಿ ರೈಫಲ್ ಎತ್ತಿದ. ನಳಿಗೆ ಮರಳಿನ ಚೀಲವನ್ನು ತಲುಪುವ ದಾರಿಯಲ್ಲಿ ಬಾಗಿಲನ್ನು ಹಾದುಹೋಗಬೇಕಿತ್ತು. ಅದರ ಕಪ್ಪು ದುಂಡು ಬಾಯಿ ನನ್ನ ಎದೆಯ ನೇರಕ್ಕೆ ಬಂದ ಕ್ಷಣದಲ್ಲಿ ‘ಟಕ್’ ಎಂದಿತು.

ಅಷ್ಟೇ ಸದ್ದು. ಆದರೆ ನಾನು ಹೊಸ್ತಿಲ ಮೇಲೆಯೇ ಕುಸಿದು ಕುಳಿತೆ. ಅಪ್ಪ ರೈಫಲ್ಲನ್ನು ಹಾವನ್ನು ಬಿಡುವಂತೆ ಬೆಂಚಿನ ಮೇಲೆ ಬಿಟ್ಟ.

“ನಾ ಹೊಡೀಲಿಲ್ಲ... ಹೊಡದಿಲ್ಲವ್ವಾ ನಾ” ಎಂದು ತೊದಲಿದ. ಅವನು ನಿಜ ಹೇಳುತ್ತಿದ್ದ. ಹಂದಿ ನಮಗಾಗಿ ಕಾದು ನಿಲ್ಲುವುದಿಲ್ಲವೆಂದು, ರೈಫಲ್ ಎತ್ತುವಾಗಲೇ ಮೊದಲ ಹೆಜ್ಜೆಯನ್ನು ಎಳೆದಿಟ್ಟುಕೊಳ್ಳುವುದು ಅವನ ಇಷ್ಟು ವರ್ಷಗಳ ರೂಢಿ. ಬೆರಳು ತನ್ನ ಹಳೆಯ ಕೆಲಸವನ್ನೇ ಮಾಡಿತ್ತು. ತಡೆಯುವ ಎರಡನೆಯ ಹೆಜ್ಜೆಯನ್ನು ನಾನು ವಾದಿಸಿ ತೆಗೆಸಿದ್ದೆ.

ಮೇಸ್ತ್ರಿಯ ಮುಖ ಬಿಳಿಚಿಕೊಂಡಿತ್ತು. “ನಾ ಕಬ್ಬಣ ನೋಡಿದೆ. ನಿನ್ನ ಬೆರಳ ನೋಡಲಿಲ್ಲ. ತಪ್ಪ ನಂದು” ಎಂದರು ಅಪ್ಪನಿಗೆ.

“ಹಳೇದ ಹಾಕ್ರಿ” ಎಂದ ಅಪ್ಪ.

ಹಳೆಯದನ್ನು ಹಾಕಿದರೆ ಕೆಲಸವಿಲ್ಲ, ಖೋಲಿಯಿಲ್ಲ. ನೆಲದ ಮೇಲೆ ಕುಳಿತಿದ್ದ ನಾನು, ನಂಬುತ್ತೀರೋ ಇಲ್ಲವೋ, ಮತ್ತೆ ವಾದಕ್ಕಿಳಿದೆ: “ಅಪ್ಪಾ, ನಾಕ ದಿನ ರೂಢಿ ಮಾಡ್ಕೊಂಡ್ರ...”

“ಸಾಕ!” ಎಂದು ಮೇಸ್ತ್ರಿ ಗುಡುಗಿದರು. ಅವರು ದನಿಯೇರಿಸಿದ್ದನ್ನು ನಾನು ಕೇಳಿದ್ದು ಅದೊಮ್ಮೆ ಮಾತ್ರ. ಬಳಿಕ ಮೆಲ್ಲಗೆ, “ಅಂವಾ ಈಗ ನಿನ್ನ ಕೊಂದು ಕುಂತಾನ ಬೇಟಿ. ಅವನ ಮಾರಿ ನೋಡ” ಎಂದರು.

ನೋಡಿದೆ. ಅಂಥ ಭಯವನ್ನು ಯಾವ ಮನುಷ್ಯನ ಮುಖದ ಮೇಲೂ ಮತ್ತೆ ಕಂಡಿಲ್ಲ.

ಚಹಾದ ಡಬ್ಬಿ ತೆರೆಯಿತು. ಹಳೆಯ ಟ್ರಿಗರ್ ತನ್ನ ಜಾಗಕ್ಕೆ ಮರಳಿತು. ಅಂದೇ ಸಂಜೆ ಅಪ್ಪ ರೈಫಲ್ಲನ್ನು ಭಾಟ್ಕಾರನಿಗೆ ಒಪ್ಪಿಸಿದ. ವಾರದೊಳಗೆ ಖೋಲಿ ಬಿಟ್ಟು ಕಲಂಗುಟ್‌ಗೆ ಬಂದೆವು. ಕಟ್ಟುತ್ತಿದ್ದ ಹೋಟೆಲೊಂದರಲ್ಲಿ ಅಪ್ಪನಿಗೆ ಕಾವಲಿನ ಕೆಲಸ ಸಿಕ್ಕಿತು. ಕೈಗೆ ಬರಿಯ ಬೆತ್ತ. ಆ ಕೆಲಸ ಕೊಡಿಸಿದವರೂ ಮೇಸ್ತ್ರಿಯೇ ಎಂದು ನನಗೆ ಬಹಳ ತಡವಾಗಿ ತಿಳಿಯಿತು.

ಸಾಂಖಳಿಗೆ ಆಮೇಲೆ ಎಷ್ಟೋ ಸಲ ಭಾಷಣಕ್ಕೆ ಹೋಗಿದ್ದೇನೆ. ಆ ಅಂಗಡಿಯ ಬೀದಿಯನ್ನು ಮಾತ್ರ ತಪ್ಪಿಸುತ್ತಿದ್ದೆ. ತಪ್ಪು ನಿಮ್ಮದಲ್ಲ, ನನ್ನದು ಎಂಬ ಒಂದು ವಾಕ್ಯವನ್ನು ಅವರೆದುರು ಹೇಳುವ ಧೈರ್ಯ ಬರಲಿಲ್ಲ. ಧೈರ್ಯ ತಂದುಕೊಂಡು ಹೋದ ದಿನ ಅಲ್ಲಿ ಮೊಬೈಲಿನ ಕವಚಗಳನ್ನು ತೂಗುಹಾಕಿದ್ದರು. ಮೇಸ್ತ್ರಿ ತೀರಿಕೊಂಡು ಎರಡು ಮಳೆಗಾಲ ಕಳೆದಿದ್ದವು.

ಅಪ್ಪ ಈಗ ನನ್ನೊಡನೆಯೇ ಇದ್ದಾನೆ. ಟಿವಿಯ ರಿಮೋಟ್ ಒತ್ತುವಾಗಲೂ ಅವನ ಸೊಟ್ಟ ಬೆರಳು ಅರ್ಧದಲ್ಲಿ ಒಮ್ಮೆ ನಿಲ್ಲುತ್ತದೆ. ಪಣಜಿಯ ಸಭೆಯಿಂದ ಮರಳಿದ ದಿನ ಅಗಸೆ ಎಣ್ಣೆಯ ವಿಷಯ ಹೇಳಿದೆ. ಅಪ್ಪ ಟಿವಿಯ ಸದ್ದು ತಗ್ಗಿಸಿದ.

“ಬಾಗಿಲಾಗ ನಿಂತಿದ್ದೇನು?” ಎಂದು ಕೇಳಿದ.

“ಇಲ್ಲಪಾ. ಸರದ ನಿಂತಿದ್ದೆ.”

“ಚಲೋ ಆತು” ಎಂದು ಉಸಿರು ಬಿಟ್ಟ.