ಗಿಡ್ಡ ಮಾಡಿದ ಲಂಗರಿನ ಹಗ್ಗ

ಕಾರವಾರದ ಬಂದರಿನೆದುರು ನಮ್ಮ ಹಾಯಿದೋಣಿಯ ಲಂಗರು ಕಿತ್ತುಬಂದದ್ದು ಬಾಬು ತಾಂಡೇಲನ ತಪ್ಪಿನಿಂದಲ್ಲ. ಹಗ್ಗ ಎಳೆದು ಗಿಡ್ಡ ಮಾಡಿದವಳು ನಾನು. ವಿಚಾರಣೆಯಲ್ಲಿ ಸುಳ್ಳು ಹೇಳಿದವಳೂ ನಾನೇ.

ಇದನ್ನು ಬರೆಯಬೇಡ ಎಂದು ನಮ್ಮ ಮನೆಯವರು ಬೆಳಗಿನಿಂದ ಗೊಣಗುತ್ತಿದ್ದಾರೆ. "ಮುಗದ ಮಾತು ಅದು. ಈಗ್ಯಾಕ ಕೆದಕಾಕತ್ತಿ?" ಗೊಣಗಲಿ. ನಮಗೆ ಮುಗಿದಿರಬಹುದು. ಬಾಬುವಿಗೆ —

ಹುಬ್ಬಳ್ಳಿಯ ಅರಳೆ ವ್ಯಾಪಾರಿಗೆ ಹಾಯಿದೋಣಿ ಯಾಕೆ ಎಂದು ಆಗ ಓಣಿಯೆಲ್ಲ ನಕ್ಕಿತ್ತು. ಗೋವಾ ಬಿಟ್ಟು ಹೊರಟ ಪೋರ್ಚುಗೀಸನೊಬ್ಬ ಮಾರಿಹೋದ ದೋಣಿ ಅದು. ಎರಡು ಹಾಯಿ, ಇಬ್ಬರು ಮಲಗುವಷ್ಟು ಒಳಕೋಣೆ. ನಮ್ಮವರಿಗೆ ಕೊಳ್ಳುವ ಹುಚ್ಚಿತ್ತೇ ಹೊರತು ನಡೆಸುವ ಹುಚ್ಚಿರಲಿಲ್ಲ. ಅದು ಹಿಡಿದದ್ದು ನನಗೆ. ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಹಳ್ಳಿಯ ಒಕ್ಕಲುಮನೆಯ ಮಗಳಾದ ನಾನು ಇಳಕಲ್ ಸೀರೆಯ ಸೆರಗು ಬಿಗಿದು ಚುಕ್ಕಾಣಿ ಹಿಡಿದೆ. ಹಿಡಿದದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಿಲ್ಲ.

ಕಲಿಸಿದವನು ಬಾಬು. ಬಂದರಿನ ಲಾಂಚು ನಡೆಸುತ್ತಿದ್ದ ತಾಂಡೇಲ ಅವನು. ನಾವು ಹೋದಾಗಲೆಲ್ಲ ರಜೆ ಹಾಕಿ ನಮ್ಮ ದೋಣಿಗೆ ಬರುತ್ತಿದ್ದ. ಹೆಂಗಸಿಗೆ ಇದೆಲ್ಲ ಯಾಕೆ ಎಂದು ಒಂದು ಸಲವೂ ಅನ್ನಲಿಲ್ಲ. ಗಂಟು ತಪ್ಪಿದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದ. ಹೆತ್ತ ಅಪ್ಪನೂ ನನಗೆ ಅಷ್ಟು ತಾಳ್ಮೆಯಿಂದ ಏನನ್ನೂ ಕಲಿಸಿರಲಿಲ್ಲ.

ಅದು ದೀಪಾವಳಿ ಕಳೆದ ವಾರ. ಅದಿರಿನ ಹಡಗುಗಳು ದೂರದಲ್ಲಿ ನಿಂತಿದ್ದವು. ದಕ್ಕೆಯಿಂದ ಅವುಗಳಿಗೆ ಅದಿರು ಒಯ್ಯುವ ಬಾರ್ಜುಗಳು ಬಿಡುವಿಲ್ಲದೆ ಓಡಾಡುತ್ತಿದ್ದವು. ಅವುಗಳ ದಾರಿ ಬಿಟ್ಟು ಬಾಬು ಲಂಗರು ಇಳಿಸಿ, ಉದ್ದಕ್ಕೆ ಹಗ್ಗ ಬಿಟ್ಟ. "ಅಕ್ಕಾ, ನೀರು ಎಷ್ಟು ಆಳವೋ ಅದರ ಐದು ಪಟ್ಟು ಹಗ್ಗ ಬೇಕು. ತಳದಲ್ಲಿ ಮಲಗಿದ ಹಗ್ಗವೇ ಲಂಗರನ್ನ ಹಿಡಿಯೋದು. ಕೈ ಹಚ್ಚಬೇಡಿ" ಎಂದು ಹೇಳಿ, ಕುಡಿಯುವ ನೀರು ತರಲು ಸಣ್ಣ ದೋಣಿಯಲ್ಲಿ ದಡಕ್ಕೆ ಹೋದ. ನಮ್ಮವರು ರೊಟ್ಟಿ, ಶೇಂಗಾ ಚಟ್ನಿ ಉಂಡು ಒಳಗೆ ಗೊರಕೆ ಹೊಡೆಯುತ್ತಿದ್ದರು.

ಗಾಳಿ ತಿರುಗಿತು. ದೋಣಿ ತೂಗಾಡುತ್ತ ಬಾರ್ಜುಗಳ ದಾರಿಯತ್ತ ಸರಿಯುತ್ತಿದೆ ಎನ್ನಿಸಿತು. ನನಗೆ ತವರಿನ ಬಾವಿ ನೆನಪಾಯಿತು — ಆಳ ಎಷ್ಟೋ ಹಗ್ಗ ಅಷ್ಟೇ, ಹೆಚ್ಚಿಗೆ ಬಿಟ್ಟರೆ ಕೊಡ ಗೋಡೆಗೆ ಬಡಿದು ನೆಗ್ಗುತ್ತದೆ. ಬಾಬುವಿನ ಮಾತು ಇನ್ನೂ ಕಿವಿಯಲ್ಲೇ ಇತ್ತು. ಆದರೂ ಅವನಿಗಿಂತ ನನಗೇ ಹೆಚ್ಚು ತಿಳಿದಂತೆ, ಹಗ್ಗ ನೆಟ್ಟಗೆ ನಿಲ್ಲುವವರೆಗೆ ಎಳೆದು ದೋಣಿಯ ಗೂಟಕ್ಕೆ ಸುತ್ತಿದೆ. ಬಾವಿಯ ನೀರು ಹೊತ್ತು ಹೊತ್ತಿಗೆ ಏರುವುದಿಲ್ಲ, ಸಮುದ್ರ ಏರುತ್ತದೆ ಎಂಬುದು ಈ ಬಯಲುಸೀಮೆಯವಳಿಗೆ ಹೊಳೆಯಲೇ ಇಲ್ಲ. ಉಬ್ಬರ ಬಂತು, ಲಂಗರು ಕಿತ್ತುಬಂತು, ದೋಣಿ ಬಾರ್ಜುಗಳ ದಾರಿಗೇ ತೇಲಿಹೋಯಿತು. ತುಂಬಿದ ಬಾರ್ಜೊಂದು ನಮ್ಮನ್ನು ತಪ್ಪಿಸಲು ಹೋಗಿ ದಕ್ಕೆಗೆ ಅಪ್ಪಳಿಸಿ, ಬದಿ ಒಡೆದು ಅಲ್ಲೇ ಕುಳಿತುಬಿಟ್ಟಿತು. ಯಾರ ಜೀವವೂ ಹೋಗಲಿಲ್ಲ, ಪುಣ್ಯ.

ವಿಚಾರಣೆಯಲ್ಲಿ ಬಾಬು ಕೈಕಟ್ಟಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ನಾನು ಹಗ್ಗ ಉದ್ದ ಬಿಟ್ಟಿದ್ದೆ ಸಾಹೇಬರೇ. ಅಕ್ಕ ಎಳೆದಿರಬೇಕು. ಅವರಿಗೆ ಆ ಕೆಲಸ ಬರ್ತದೆ."

ಬಂದರಿನ ಸಾಹೇಬರು ನನ್ನ ಸೆರಗು ನೋಡಿದರು, ಬಳೆ ನೋಡಿದರು. "ಹೌದೇನ್ರಿ, ತಾಯಿ?"

"ಹೆಂಗಸರಿಗೆ ಅದೆಲ್ಲಾ ಏನ್ ತಿಳೀತದರಿ, ಸಾಹೇಬ್ರ?" ಅಂದೆ.

ಎಲ್ಲರೂ ನಕ್ಕರು, ನಮ್ಮವರೂ ನಕ್ಕರು. ಬಾಬು ಮಾತ್ರ ನನ್ನ ಕೈಗಳನ್ನೇ ನೋಡುತ್ತಿದ್ದ. ಯಾವ ಮಾತು ಕೇಳಿದರೆ ನನ್ನ ಮೈ ಉರಿಯುತ್ತಿತ್ತೋ ಅದನ್ನೇ ಆ ದಿನ ಸೆರಗಿನಂತೆ ಹೊದ್ದುಕೊಂಡೆ. ಹೆದರಿದ್ದೆ, ಕಾಲ ಹಾಗಿತ್ತು ಎಂದು ನನ್ನ ಪರವಾಗಿ ಯಾರೂ ಹೇಳಬೇಡಿ. ಹೆದರಿರಲಿಲ್ಲ. ಆ ಸುಳ್ಳು ಹೇಳುವುದು ಸುಲಭವಿತ್ತು, ಅಷ್ಟೇ.

ಬಾಬುವಿನ ಲಾಂಚು ನಡೆಸುವ ಪರವಾನಗಿ ಹೋಯಿತು. ಮರುವರ್ಷ ಅದೇ ದಕ್ಕೆಯಲ್ಲಿ ಅದಿರಿನ ಬುಟ್ಟಿ ಹೊರುತ್ತಿದ್ದವನನ್ನು ಕಂಡೆ. ಮೈಯೆಲ್ಲ ಕೆಂಪು ಧೂಳು. ಮಾತಾಡಿಸಬಹುದಿತ್ತು — ನಾನು ಜೀಪಿನಿಂದ ಇಳಿಯಲಿಲ್ಲ.

ಬಾಬು ಇನ್ನೂ ಇದ್ದಾನೆ ಎಂದು ಮೊನ್ನೆ ತಿಳಿಯಿತು. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ಮನೆಯವರು ಬಂದರೂ ಸರಿ, ಬಿಟ್ಟರೂ ಸರಿ. ಮೊದಲು ಅವನ ಮನೆಗೆ. ಅವನು ಬೈದರೆ ಬೈಸಿಕೊಳ್ಳುತ್ತೇನೆ, ಬಾಗಿಲು ತೆರೆಯದಿದ್ದರೆ ಕಟ್ಟೆಯ ಮೇಲೆ ಕೂರುತ್ತೇನೆ. ಆಮೇಲೆ ಈ ಕಾಗದ ಹಿಡಿದು ಬಂದರಿನ ಕಚೇರಿಗೆ. ಅಲ್ಲಿ ಯಾರಾದರೂ ನಕ್ಕು, ಅಜ್ಜೀ, ನಿಮಗೆ ಲಂಗರಿನ ಹಗ್ಗ ಏನು ಗೊತ್ತು ಎಂದರೆ, ಅವರ ಮೇಜಿನ ಕಾಲಿಗೇ ಹಗ್ಗ ಸುತ್ತಿ ತೋರಿಸುತ್ತೇನೆ. ಬಾಬು ಕಲಿಸಿದ ಗಂಟನ್ನು ಈ ಕೈ ಇನ್ನೂ ಮರೆತಿಲ್ಲ.